ಹೊಸಬರ ಸಾಲಿನಲ್ಲಿ ದೊಡ್ಡ ಸೊಸೆ

ಪ್ಲಾಸ್ಟರು ಬಿಚ್ಚಿದ ದಿನ ದೊಡ್ಡ ಸೊಸೆ ತನ್ನ ಬಲಗೈಯನ್ನು ನೋಡಿ, ಇದು ಬೇರೆ ಯಾರದೋ ಕೈ, ತಪ್ಪಿ ನನಗೆ ಕೊಟ್ಟಿದ್ದೀರಿ ಎಂದು ಆಸ್ಪತ್ರೆಯವರಿಗೆ ಹೇಳಿದಳು. ಅವರು ನಕ್ಕರು. ಅವಳು ನಗಿಸಲೆಂದು ಹೇಳಿದ್ದಲ್ಲ. ಇಪ್ಪತ್ತೆರಡು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದ ಕೈ ಅದು. ಅಂಗಿಯ ಕಾಲರನ್ನು ಸುಕ್ಕಿಲ್ಲದೆ ತಿರುವುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಲಾಂಡ್ರಿಯ ಯಜಮಾನನೇ ಗಿರಾಕಿಗಳ ಮುಂದೆ ಹೇಳುತ್ತಿದ್ದ. ಅಂಥ ಕೈ, ಸೋಪಿನ ನೀರು ಚೆಲ್ಲಿದ್ದ ನೆಲದ ಮೇಲೆ ಅವಳು ಒಂದೇ ಒಂದು ಸಲ ಜಾರಿ ಬಿದ್ದದ್ದಕ್ಕೆ ಮಣಿಕಟ್ಟು ಮುರಿದುಕೊಂಡು, ಆರು ವಾರದಲ್ಲಿ ಒಣಗಿದ ಕಡ್ಡಿಯಂತಾಗಿತ್ತು. ಬೆರಳುಗಳು ಮಡಚುತ್ತಿರಲಿಲ್ಲ. ಗುಂಡಿ ಹಾಕಿಕೊಳ್ಳಲು, ಬಾಟಲಿಯ ಮುಚ್ಚಳ ತೆಗೆಯಲು ಗಂಡನನ್ನು ಕರೆಯಬೇಕಾಗಿತ್ತು. ಗಂಡ ಬಸ್ಸಿನ ಡ್ರೈವರು. ಅವನು ಮನೆಯಲ್ಲಿರುತ್ತಿದ್ದದ್ದೇ ಅಪರೂಪ.

ಕೈಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ದಿನಕ್ಕೆರಡು ಬಾರಿ ಬಿಸಿನೀರಲ್ಲಿ ಕೈ ಇಟ್ಟು ಸ್ಪಂಜು ಹಿಂಡಲು ಹೇಳಿದರು. ಆಮೇಲೆ, ಸಣ್ಣ ಸಣ್ಣ ವಸ್ತುಗಳನ್ನು ಎತ್ತಿ ಇಡಬೇಕು, ಕಾಳು ಆರಿಸಿದರೂ ಆದೀತು, ಮಣಿ ಪೋಣಿಸಿದರೆ ಇನ್ನೂ ಒಳ್ಳೆಯದು ಎಂದರು. ಮನೆಯಲ್ಲಿ ಮಣಿ ಇದೆಯೇ ಎಂದು ಕೇಳಿದಾಗ ದೊಡ್ಡ ಸೊಸೆ ಇಲ್ಲ ಎಂದಳು.

ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವಳ ಮನೆಯಲ್ಲಿ ಒಂದೇ ಒಂದು ಮಣಿ ಇರಲಿಲ್ಲ. ಆದರೆ ಅವಳ ಮನೆಯ ನೆಲದ ಕೆಳಗೆ, ಚಿಕ್ಕ ಸೊಸೆಯ ಮನೆಯಲ್ಲಿ, ಡಬ್ಬಿ ಡಬ್ಬಿ ಮಣಿ ಇದ್ದವು.

ಅಣ್ಣ ತಮ್ಮಂದಿರಿಬ್ಬರದ್ದೂ ಒಂದೇ ಮನೆ. ಮಹಡಿಯ ಮೇಲೆ ಅಣ್ಣ, ಕೆಳಗೆ ತಮ್ಮ. ಮನೆಯ ಪಕ್ಕದಲ್ಲಿ ಮೇಲಕ್ಕೆ ಹತ್ತಲು ಹದಿನೆಂಟು ಮೆಟ್ಟಿಲು, ನಡುವೆ ಒಂದು ತಿರುವು. ಗಂಡಸರಿಬ್ಬರೂ ಚೆನ್ನಾಗಿಯೇ ಇದ್ದರು. ಒಬ್ಬನ ಅಂಗಿ ಇನ್ನೊಬ್ಬ ಹಾಕಿಕೊಂಡು ಹೋಗುವಷ್ಟು. ಓರಗಿತ್ತಿಯರಿಬ್ಬರು ಮಾತ್ರ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದರು. ಟ್ಯಾಂಕಿಗೆ ನೀರು ಬೇಕಾದರೆ ದೊಡ್ಡವಳು ಮೇಲಿನಿಂದ ಪೈಪಿಗೆ ಸೌಟಿನಲ್ಲಿ ಎರಡು ಸಲ ಬಡಿಯುವಳು, ಚಿಕ್ಕವಳು ಕೆಳಗೆ ಮೋಟಾರು ಹಾಕುವಳು. ಇಡೀ ಸಂಸಾರಕ್ಕೆ ಅಷ್ಟು ಸಂಭಾಷಣೆ ಸಾಲುತ್ತಿತ್ತು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎಂದು ಬೀದಿಯವರು ತೀರ್ಮಾನ ಮಾಡಿ, ಆ ವಿಷಯವನ್ನು ಅಷ್ಟಕ್ಕೇ ಬಿಟ್ಟಿದ್ದರು.

ಮಾತು ನಿಂತದ್ದು ಅತ್ತೆ ಹೋದ ದಿನ. ಅತ್ತೆ ಎರಡು ತಿಂಗಳು ಮಹಡಿಯ ಮೇಲೆ ಹಾಸಿಗೆ ಹಿಡಿದಿದ್ದರು. ಮೈ ಒರೆಸಿ, ಮಗ್ಗುಲು ಬದಲಿಸಿ, ಚಮಚದಲ್ಲಿ ಗಂಜಿ ಕುಡಿಸಿ ನೋಡಿಕೊಂಡವಳು ದೊಡ್ಡ ಸೊಸೆ. ಅದಕ್ಕೆಂದೇ ಲಾಂಡ್ರಿಗೆ ರಜೆ ಹಾಕಿದ್ದಳು. ಚಿಕ್ಕ ಸೊಸೆ ಪೋಸ್ಟಾಫೀಸಿನಲ್ಲಿ ಕಾಗದ ವಿಂಗಡಿಸುವ ಕೆಲಸದವಳು. ಅಷ್ಟು ದಿನದಲ್ಲಿ ಅವಳು ಆ ಕೋಣೆಗೆ ಬಂದದ್ದು ನಾಲ್ಕೋ ಐದೋ ಸಲ. ಬಂದರೂ ಗಂಡನ ಬೆನ್ನ ಹಿಂದೆ ಎರಡು ನಿಮಿಷ ನಿಂತು ಹೋಗಿಬಿಡುತ್ತಿದ್ದಳು. ಕೊನೆಯ ದಿನ ಮಾತ್ರ ಬಂದು ಗೋಡೆಗೊರಗಿ, ಬಿಕ್ಕಿ ಬಿಕ್ಕಿ ಅತ್ತಳು. ಬಂಧುಗಳೆಲ್ಲ ಅವಳನ್ನೇ ಸಮಾಧಾನ ಮಾಡತೊಡಗಿದರು. ಆಗ ದೊಡ್ಡ ಸೊಸೆ, ಹತ್ತು ಜನ ಕೇಳುವ ಹಾಗೆ ಅಂದಳು: "ಮಾಡೋಕೆ ನಾನು, ಅಳೋಕೆ ಇವಳು."

ಚಿಕ್ಕ ಸೊಸೆಯ ಅಳು ಅಲ್ಲಿಗೇ ನಿಂತಿತು. ಮಾತೂ ನಿಂತಿತು.

ಇಷ್ಟೆಲ್ಲ ಇದ್ದದ್ದರಿಂದ ದೊಡ್ಡ ಸೊಸೆ ಮೊದಲ ವಾರ ಕಾಳು ಆರಿಸಿ ನೋಡಿದಳು. ಒಂದು ಹಿಡಿ ಕಾಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯ ದಿನ ತಟ್ಟೆಯನ್ನು ಎಡಗೈಯಲ್ಲಿ ಆಚೆ ತಳ್ಳಿದಳು. ಆರಿಸಿದ ಕಾಳನ್ನು ಮತ್ತೆ ಅದೇ ತಟ್ಟೆಗೆ ಸುರಿದು ಮತ್ತೆ ಆರಿಸುವ ಕೆಲಸ ಹುಚ್ಚರದ್ದು ಎಂದು ಗಂಡನ ಮೇಲೆ ರೇಗಿದಳು. ಅವನು, ಹಾಗಾದರೆ ಕೆಳಗೆ ಹೋಗು ಎಂದಷ್ಟೇ ಹೇಳಿ ಡ್ಯೂಟಿಗೆ ಹೋದ.

ಕೆಳಗೆ ಏನಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದಿಂದ ಗೇಟಿಗೆ ಒಂದು ರಟ್ಟಿನ ಬೋರ್ಡು ತೂಗುತ್ತಿತ್ತು: 'ಹೊಸಬರಿಗೆ ಮಣಿಯ ಲೋಲಾಕು ಮಾಡಲು ಕಲಿಸುತ್ತೇವೆ. ಭಾನುವಾರ ಹತ್ತು ಗಂಟೆ. ಬರಿಗೈಲಿ ಬನ್ನಿ, ಕಿವಿ ತುಂಬ ಹಾಕ್ಕೊಂಡು ಹೋಗಿ.' ಕೊನೆಯ ವಾಕ್ಯ ಮೈದುನನ ತಲೆಯಿಂದ ಬಂದದ್ದೆಂದು ಓದಿದವರಿಗೆಲ್ಲ ತಿಳಿಯುತ್ತಿತ್ತು. ಅವನು ಎಲೆಕ್ಟ್ರಿಷಿಯನ್ ಆದರೂ ಬಾಯಿ ಸಿನಿಮಾದವರದ್ದು.

ಭಾನುವಾರ ಹತ್ತಕ್ಕೆ ಐದು ನಿಮಿಷವಿರುವಾಗ ದೊಡ್ಡ ಸೊಸೆ ಮೆಟ್ಟಿಲಿಳಿದಳು. ಚಿಕ್ಕವಳ ಬಾಗಿಲು ಮೆಟ್ಟಿಲಿನಿಂದ ನಾಲ್ಕೇ ಹೆಜ್ಜೆ. ಅವಳು ಆ ಬಾಗಿಲಿಗೆ ಹೋಗದೆ ಗೇಟು ದಾಟಿ ರಸ್ತೆಗೆ ಬಂದು, ಅಲ್ಲಿಂದ ತಿರುಗಿ, ಹೊರಗಿನಿಂದ ಬರುವ ಕಲಿಯುವವರ ಹಾಗೆ ಗೇಟು ತೆಗೆದುಕೊಂಡು ಒಳಗೆ ಬಂದಳು. ಹಾಗೆ ಬಂದರೆ ಓರಗಿತ್ತಿಯ ಮನೆಗೆ ಹೋದಂತಲ್ಲ, ಕ್ಲಾಸಿಗೆ ಹೋದಂತೆ ಎಂಬುದು ಅವಳ ಲೆಕ್ಕ.

ಮುಂದಿನ ಕೋಣೆಯಲ್ಲಿ ದೊಡ್ಡ ಮೇಜು, ಅದರ ಮೇಲೆ ಮಣಿ ಉರುಳದಿರಲೆಂದು ಹಾಸಿದ ದಪ್ಪ ಟವೆಲ್ಲು. ರಿಟೈರಾದ ಮೇಷ್ಟರೊಬ್ಬರು ಕೂತಿದ್ದರು, ಅವರ ಪಕ್ಕದಲ್ಲಿ ನರ್ಸಿಂಗ್ ಓದುವ ಒಂದು ಹುಡುಗಿ. ಚಿಕ್ಕ ಸೊಸೆ ತಲೆ ಎತ್ತಿದಳು. ಕೈಯಲ್ಲಿದ್ದ ಡಬ್ಬಿಯ ಮುಚ್ಚಳವನ್ನು ಒಮ್ಮೆ ಮುಚ್ಚಿ, ಒಮ್ಮೆ ತೆಗೆದಳು. ಆಮೇಲೆ, ಎಲ್ಲರಿಗೂ ಹೇಳುವ ದನಿಯಲ್ಲೇ, "ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದಳು.

ಹಿಂದೆ ಅಕ್ಕಾ ಎಂದು ಕೂಗಿ ಮೇಲೆ ಕೆಳಗೆ ಓಡಾಡುತ್ತಿದ್ದವಳ ಬಾಯಲ್ಲಿ ಮೇಡಂ. ದೊಡ್ಡ ಸೊಸೆ ಅದನ್ನು ನುಂಗಿಕೊಂಡು ಕೂತಳು. ಹೊಸಬರ ಹಾಗೆ ಬಂದು ತಾನೇ ಕೇಳಿ ಪಡೆದದ್ದು.

ಪಾಠ ಕಷ್ಟದ್ದೇನಲ್ಲ. ತಂತಿಯ ಪಿನ್ನಿಗೆ ಒಂದು ತುದಿಯಲ್ಲಿ ಚಪ್ಪಟೆ ತಲೆ ಇರುತ್ತದೆ, ಮಣಿ ಅಲ್ಲಿಂದ ಜಾರುವುದಿಲ್ಲ. ಅದಕ್ಕೆ ಒಂದು ಸಣ್ಣ ಮಣಿ, ಒಂದು ದೊಡ್ಡ ಮಣಿ, ಮತ್ತೊಂದು ಸಣ್ಣದು ಪೋಣಿಸಬೇಕು. ಮೇಲಿನ ಮಣಿಗೆ ತಾಗಿದ ಹಾಗೆ ತಂತಿಯನ್ನು ಬಗ್ಗಿಸಿ, ಉಗುರಿನಷ್ಟು ಉಳಿಸಿ ಕತ್ತರಿಸಬೇಕು. ಉಳಿದದ್ದನ್ನು ದುಂಡು ಮೂತಿಯ ಇಕ್ಕಳದಲ್ಲಿ ಸುತ್ತಿ ಉಂಗುರ ಮಾಡಿ, ಆ ಉಂಗುರವನ್ನು ಕಿವಿಯ ಕೊಕ್ಕೆಗೆ ಸಿಕ್ಕಿಸಿದರೆ ಆಯಿತು. ಉಂಗುರದ ಬಾಯಿ ತೆಗೆಯುವಾಗ ಬಾಗಿಲು ತೆಗೆದ ಹಾಗೆ ಪಕ್ಕಕ್ಕೆ ತಿರುಗಿಸಬೇಕು, ಎರಡು ಕಡೆಗೂ ಹಿಡಿದು ಎಳೆಯಬಾರದು, ಎಳೆದರೆ ಅದರ ಗುಂಡು ಕೆಡುತ್ತದೆ ಎಂದು ಚಿಕ್ಕ ಸೊಸೆ ತೋರಿಸಿಕೊಟ್ಟಳು. ಅವಳ ಕೈ ಕಾಗದ ವಿಂಗಡಿಸುವ ಕೈ, ನೋಡುತ್ತಿದ್ದಂತೆ ಒಂದು ಲೋಲಾಕು ತೂಗಾಡತೊಡಗಿತು.

ಮೇಷ್ಟರು, ತಮ್ಮ ಸೊಸೆಯ ಹುಟ್ಟುಹಬ್ಬಕ್ಕೆಂದು ಬಂದವರು, ಒಂದು ಗಂಟೆಯಲ್ಲಿ ಹಸಿರು ಮಣಿಯ ಜೊತೆಯೊಂದನ್ನು ಮುಗಿಸಿ ಮಕ್ಕಳಂತೆ ಖುಷಿಪಟ್ಟರು. ನರ್ಸಿಂಗಿನ ಹುಡುಗಿ ಎರಡು ಜೊತೆ ಮಾಡಿದಳು. ದೊಡ್ಡ ಸೊಸೆಗೆ ಮಣಿಯನ್ನು ಎತ್ತಲಿಕ್ಕೇ ಆಗಲಿಲ್ಲ. ಎತ್ತಿದ್ದು ಬೀಳುವುದು, ಬಿದ್ದದ್ದು ಟವೆಲ್ಲಿನ ನೂಲಿನಲ್ಲಿ ಹುದುಗುವುದು. ಇಕ್ಕಳ ಹಿಡಿದರೆ ಮಣಿಕಟ್ಟಿನಿಂದ ಮೊಣಕೈವರೆಗೆ ಚಳುಕು. ಮೇಷ್ಟರು, ಎಡಗೈಲಿ ಹಿಡಿದು ನೋಡಿ ಎಂದು ಸಲಹೆ ಕೊಟ್ಟರು. ಚಿಕ್ಕ ಸೊಸೆ ಕಸಿದುಕೊಂಡು ಮಾಡಿಕೊಡಲಿಲ್ಲ. ಮೇಜಿನ ಆ ತುದಿಯಿಂದ ಒಂದೆರಡು ಸಲ ನೋಡಿದಳು, ಅಷ್ಟೇ. ಮನೆಗೆ ಹೊರಟಾಗ ದೊಡ್ಡ ಸೊಸೆಯ ಕೈಯಲ್ಲಿದ್ದದ್ದು ಒಂದು ಪಿನ್ನು, ಮೂರು ಮಣಿ ಮತ್ತು ಬಸವನಹುಳುವಿನ ಹಾಗೆ ಸುರುಳಿ ಸುತ್ತಿದ ತಂತಿ. ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಇನ್ನು ಹೋಗುವುದಿಲ್ಲ ಎಂದುಕೊಂಡಳು.

ಮುಂದಿನ ಭಾನುವಾರ ಮತ್ತೆ ಗೇಟು ದಾಟಿ, ತಿರುಗಿ ಬಂದಳು.

ಅವಳ ಜಾಗದಲ್ಲಿ ಬೇರೆ ಇಕ್ಕಳ ಇತ್ತು. ಹಿಡಿಕೆಗೆ ಹಳೆಯ ಬನಿಯನ್ನಿನ ಬಟ್ಟೆಯನ್ನು ದಪ್ಪಗೆ ಸುತ್ತಿ ದಾರ ಕಟ್ಟಿತ್ತು, ಹಿಡಿದರೆ ಕೈತುಂಬ ಸಿಗುವ ಹಾಗೆ. ಪಕ್ಕದಲ್ಲಿ ಒಂದು ಬಸಿಯಲ್ಲಿ ಅಗಲ ತೂತಿನ ದೊಡ್ಡ ಮಣಿಗಳನ್ನು ಆರಿಸಿಟ್ಟಿತ್ತು. ಎಲ್ಲಾ ನೀಲಿ, ಒಂದೇ ಅಳತೆಯವು. ಉಳಿದವರ ಮುಂದೆ ಅಂಥ ಬಸಿ ಇರಲಿಲ್ಲ. ವಾರದ ಯಾವುದೋ ದಿನ ಯಾರೋ ಕೂತು ಆ ಮಣಿಗಳನ್ನು ಒಂದೊಂದಾಗಿ ಸೂಜಿಯ ತುದಿಯಲ್ಲಿ ಪರೀಕ್ಷೆ ಮಾಡಿ ಆರಿಸಿದ್ದಾರೆ ಎಂಬುದು ದೊಡ್ಡ ಸೊಸೆಗೆ ನೋಡಿದ ಕೂಡಲೇ ಗೊತ್ತಾಯಿತು. ಬಸಿಯನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಆ ದಿನ ಮೂರು ಮಣಿಯನ್ನೂ ಬೀಳಿಸದೆ ಪೋಣಿಸಿದಳು.

ಮೂರನೆಯ ಭಾನುವಾರ ಮೇಷ್ಟರು ಬರಲಿಲ್ಲ, ಅವರಿಗೆ ಬೇಕಾದ್ದು ಆಗಿತ್ತು. ನರ್ಸಿಂಗಿನ ಹುಡುಗಿಗೆ ಪರೀಕ್ಷೆ. ಮೇಜಿನ ಎರಡು ಕಡೆ ಓರಗಿತ್ತಿಯರಿಬ್ಬರೇ. ಚಿಕ್ಕ ಸೊಸೆ ಕ್ಲಾಸು ಇಲ್ಲ ಎನ್ನಬಹುದಾಗಿತ್ತು, ಎನ್ನಲಿಲ್ಲ. ಟವೆಲ್ಲು ಹಾಸಿ, ಬಸಿ ಇಟ್ಟು, ತಾನೂ ಒಂದು ಪಿನ್ನು ತೆಗೆದುಕೊಂಡು ಕೂತಳು. ಎದುರು ಮನೆಯ ರೇಡಿಯೋ ಹಾಡುತ್ತಿತ್ತು. ದೊಡ್ಡ ಸೊಸೆ ಮಣಿ ಪೋಣಿಸಿ, ತಂತಿ ಬಗ್ಗಿಸಿ, ಕತ್ತರಿಸಿ, ಇಕ್ಕಳವನ್ನು ನಿಧಾನವಾಗಿ ತಿರುಗಿಸಿದಳು. ಉಂಗುರ ಗುಂಡಗೆ ಕೂತಿತು. ಅವಳು ಅದನ್ನು ಬೆಳಕಿಗೆ ಹಿಡಿದಳು. ಒಂಬತ್ತು ಹತ್ತು ವಾರದಲ್ಲಿ ಆ ಕೈ ಮಾಡಿದ ಮೊದಲ ಕೆಲಸ ಅದು.

"ಚೆನ್ನಾಗಿ ಬಂದಿದೆ ಮೇಡಂ" ಎಂದಳು ಚಿಕ್ಕ ಸೊಸೆ.

ದೊಡ್ಡ ಸೊಸೆ ಲೋಲಾಕನ್ನು ಟವೆಲ್ಲಿನ ಮೇಲಿಟ್ಟಳು. ಹೇಳಬೇಕೆಂದುಕೊಂಡು ಬಂದದ್ದಲ್ಲ, ಆದರೂ ಬಂತು.

"ಅತ್ತೆಗೆ ಗೊತ್ತಿತ್ತು ಕಣೆ."

"ಏನು?"

"ನೀನು ದಿನಾ ಸಾಯಂಕಾಲ ಮೆಟ್ಟಿಲ ತಿರುವಿನಲ್ಲಿ ಬಂದು ಕೂತ್ಕೊಳ್ತಿದ್ದದ್ದು."

ಚಿಕ್ಕ ಸೊಸೆಯ ಕೈಯಲ್ಲಿದ್ದ ಇಕ್ಕಳ ನಿಂತಿತು. ಅದು ತನ್ನೊಬ್ಬಳಿಗೇ ಗೊತ್ತಿದ್ದ ವಿಷಯ ಎಂದು ಅವಳು ನಾಲ್ಕು ವರ್ಷ ನಂಬಿದ್ದಳು. ಆಫೀಸು ಬಿಟ್ಟು ಬಂದು ಒಂಬತ್ತು ಮೆಟ್ಟಿಲು ಹತ್ತಿ, ಮುಂದಿನ ಒಂಬತ್ತು ಹತ್ತಲಾಗದೆ, ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಕೂತು ಇಳಿದುಬಿಡುತ್ತಿದ್ದಳು. ಗಂಡನಿಗೂ ಹೇಳಿರಲಿಲ್ಲ.

ದೊಡ್ಡ ಸೊಸೆ ಮೇಜನ್ನೇ ನೋಡುತ್ತಾ ಹೇಳಿದಳು. ಅತ್ತೆಗೆ ಕಣ್ಣು ಮಂಜಾಗಿದ್ದರೂ ಕಿವಿ ಕೊನೆಯವರೆಗೂ ಚುರುಕಾಗಿತ್ತು. ದಿನಾ ಐದೂವರೆಗೆ ಕೈ ಎತ್ತಿ, ಬಂದಳು ನೋಡು ಎನ್ನುತ್ತಿದ್ದರು. ಒಂದು ದಿನ ತಾನು ರೇಗಿ ಕರೆಯಲು ಎದ್ದಾಗ ತಡೆದಿದ್ದರು. "ಕರೀಬೇಡ ಅಂದ್ರು, ಅವಳಿಗೆ ಹೆದರಿಕೆ ಅಂದ್ರು. ಅಷ್ಟು ದೂರ ಬಂದ್ಲಲ್ಲ, ಸಾಕು. ಅವಳು ಅಲ್ಲಿದ್ದಾಳೆ ಅಂದ್ರೆ ನಂಗೆ ಒಂಥರಾ ಸಮಾಧಾನ ಅಂದ್ರು. ಹೇಳು ಅವಳಿಗೆ ಅಂತಾನೂ ಅಂದ್ರು. ನಾನು ಹೇಳಲಿಲ್ಲ."

ಚಿಕ್ಕ ಸೊಸೆ ಎದ್ದು ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ವಾಪಸು ಬಂದಾಗ ಅವಳ ಮುಖ ಒದ್ದೆಯಾಗಿತ್ತು, ಕುಪ್ಪಸದ ಕತ್ತಿನವರೆಗೂ ನೀರು.

"ನಾಲ್ಕು ವರ್ಷ ಅಕ್ಕ," ಎಂದಳು. "ನಂಗೆ ಸೇರಬೇಕಾದ ಮಾತು, ನೀನು ಇಟ್ಕೊಂಡುಬಿಟ್ಯಲ್ಲ."

"ಹೌದು."

"ಯಾಕೆ?"

ಮರೆತುಹೋಯಿತು ಎನ್ನಬಹುದಾಗಿತ್ತು. ಸಮಯ ಬರಲಿಲ್ಲ ಎನ್ನಬಹುದಾಗಿತ್ತು. ದೊಡ್ಡ ಸೊಸೆ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಳು.

"ಹೊಟ್ಟೆಕಿಚ್ಚು. ಹಗಲೂ ರಾತ್ರಿ ಮಾಡ್ತಿದ್ದವಳು ನಾನು. ನೀರು ಬಿಸಿ ಜಾಸ್ತಿ, ಚಮಚ ಹಲ್ಲಿಗೆ ತಾಗ್ತು, ಇದೇ ನಂಗೆ ಸಿಗ್ತಿದ್ದದ್ದು. ನೀನು ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದಕ್ಕೆ ಅವರು ಅಷ್ಟು ಮೆತ್ತಗೆ ಮಾತಾಡಿದ್ರು. ನಂಗೆ ಒಂದು ದಿನಾನೂ ಹಾಗೆ ಹೇಳಲಿಲ್ಲ."

ಚಿಕ್ಕ ಸೊಸೆ ಮಣಿಗಳನ್ನು ಡಬ್ಬಿಗೆ ಸುರಿದು, ಇವತ್ತಿಗೆ ಸಾಕು ಎಂದಳು. ದೊಡ್ಡ ಸೊಸೆ ಎದ್ದು ಮೇಲಕ್ಕೆ ಹೋದಳು. ಇದ್ದ ಒಂದು ಎಳೆಯನ್ನೂ ತಾನೇ ಕಿತ್ತುಹಾಕಿದಂತೆ ಅವಳಿಗೆ ಅನ್ನಿಸಿತು. ಆದರೆ ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಕಲ್ಲು ಉಗುಳಿದಂತೆಯೂ ಅನ್ನಿಸಿತು.

ಸೋಮವಾರ, ಮಂಗಳವಾರ ಕೆಳಗಿನಿಂದ ಸದ್ದಿಲ್ಲ. ಬುಧವಾರ ದೊಡ್ಡ ಸೊಸೆ ಲಾಂಡ್ರಿಗೆ ವಾಪಸಾದಳು. ಇಸ್ತ್ರಿ ಇನ್ನೂ ಬೇಡ, ಒಂದಷ್ಟು ದಿನ ಬಟ್ಟೆಗೆ ಚೀಟಿ ಕಟ್ಟುತ್ತಿರು ಎಂದು ಯಜಮಾನ ಹೇಳಿದ್ದ. ಮಧ್ಯಾಹ್ನ ಊಟದ ಬಿಡುವಿನಲ್ಲಿ, ಅವಳು ಹಿಂದಿನ ಅಂಗಳದಲ್ಲಿ ಒಣಗುತ್ತಿದ್ದ ಹಾಸಿಗೆ ಬಟ್ಟೆಗಳ ನಡುವಿನ ಬೆಂಚಿನಲ್ಲಿ ಕೂತಿದ್ದಾಗ, ಬಟ್ಟೆ ಸರಿಸಿಕೊಂಡು ಚಿಕ್ಕ ಸೊಸೆ ಬಂದಳು. ಪೋಸ್ಟಾಫೀಸಿನ ಗುರುತಿನ ಚೀಟಿ ಇನ್ನೂ ಕತ್ತಿನಲ್ಲೇ ಇತ್ತು. ಬಂದವಳು ಪಕ್ಕದಲ್ಲಿ ಕೂತು, ಕೇಳದೆ, ಅಕ್ಕನ ಬಲಗೈ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು. ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತತೊಡಗಿದಳು.

ಮೊದಲು ತನ್ನದನ್ನು ಹೇಳಿದಳು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅವಳ ತಾಯಿ ಹೀಗೆಯೇ ಮಲಗಿದ್ದರು. ಅಪ್ಪ ಕೆಲಸಕ್ಕೆ ಹೋಗುವಾಗ ಇವಳನ್ನು ಪಕ್ಕದಲ್ಲಿ ಕೂರಿಸಿ, ಏನಾದರೂ ಆದರೆ ಎದುರು ಮನೆಯವರನ್ನು ಕರಿ ಎಂದು ಹೇಳಿ ಹೋಗುತ್ತಿದ್ದರು. ಒಂದು ದಿನ ಅದು ಆಯಿತು. ಆಗಿದೆಯೋ ಇಲ್ಲವೋ ಎಂದು ತಿಳಿಯದೆ, ಅಮ್ಮನಿಗೆ ನಿದ್ದೆ ಕೆಟ್ಟೀತೆಂದು ಯಾರನ್ನೂ ಕರೆಯದೆ, ಅಪ್ಪ ಬರುವವರೆಗೆ ಅವಳು ಅಲುಗಾಡದೆ ಕೂತಿದ್ದಳು. ಅಂದಿನಿಂದ ಕಾಯಿಲೆಯವರ ಕೋಣೆಯ ವಾಸನೆ ಬಂದರೆ ಅವಳ ಕಾಲು ಕಟ್ಟುತ್ತಿತ್ತು.

"ಮೊದಲೇ ಹೇಳಬಾರದಿತ್ತೇನೆ?" ಎಂದಳು ದೊಡ್ಡ ಸೊಸೆ. ಆಮೇಲೆ, ಹಾಗೆ ಕೇಳುವ ಹಕ್ಕು ತನಗಿದೆಯೇ ಎಂದು ಅನ್ನಿಸಿತು.

"ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ," ಎಂದಳು ಚಿಕ್ಕವಳು, ಬೆರಳು ಒತ್ತುತ್ತಲೇ. "ಅದು ಇರಲಿ. ಈಗ ನಂಗೆ ಎಲ್ಲಾ ಹೇಳು. ಅತ್ತೆ ಏನು ತಿಂತಿದ್ರು, ಏನು ಮಾತಾಡ್ತಿದ್ರು. ನಂಗೆ ಏನೂ ಗೊತ್ತಿಲ್ಲ."

ದೊಡ್ಡ ಸೊಸೆ ಹೇಳಿದಳು. ಮೊದಲು ತಡವರಿಸಿ, ಆಮೇಲೆ ಒಂದರ ಹಿಂದೆ ಒಂದು. ಔಷಧಿಯನ್ನು ಕೆನ್ನೆಯಲ್ಲಿ ಇಟ್ಟುಕೊಂಡು, ಇವಳು ಅತ್ತ ತಿರುಗಿದಾಗ ದಿಂಬಿನ ಕೆಳಗೆ ಉಗುಳುತ್ತಿದ್ದದ್ದು. ಮನೆಗೆ ಬಂದ ಡಾಕ್ಟರಿಗೆ, ನಿಮ್ಮ ಅಂಗಿಯ ಕಾಲರು ಸರಿ ಇಲ್ಲ, ನನ್ನ ಸೊಸೆಗೆ ಕೊಡಿ ಎಂದದ್ದು. ಅದನ್ನು ಹೇಳುತ್ತಾ ಅವಳು ಅರ್ಧಕ್ಕೆ ನಿಂತಳು.

"ನನ್ನ ಸೊಸೆಗೆ ಕೊಡಿ ಅಂದ್ರಾ?" ಎಂದಳು ಚಿಕ್ಕವಳು.

"ಅಂದ್ರು. ಎಂಥ ಕಾಲರಾದ್ರೂ ನಿಲ್ಲಿಸಿಬಿಡ್ತಾಳೆ ಅಂದ್ರು."

"ಮತ್ತೆ, 'ನಂಗೆ ಒಂದು ದಿನಾನೂ ಹೇಳಲಿಲ್ಲ' ಅಂತೀಯ."

ಆ ದಿನಗಳನ್ನು ದೊಡ್ಡ ಸೊಸೆ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಗಂಡನೂ ಮೈದುನನೂ, ಪಾಪ ತುಂಬಾ ಕಷ್ಟಪಟ್ಟೆ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರು. ಈಗ ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲು ಬಲಗೈಗೆ ಬಿಡುವಿರಲಿಲ್ಲ. ಚಿಕ್ಕ ಸೊಸೆ ತನ್ನ ಸೆರಗಿನಿಂದ ಒರೆಸಿ, ಮತ್ತೆ ಬೆರಳಿಗೆ ಬಂದಳು. ಬಿಡುವು ಮುಗಿದ ಗಂಟೆ ಹೊಡೆದರೂ ಯಜಮಾನ ಬಟ್ಟೆಗಳ ಆಚೆಯಿಂದ ಒಮ್ಮೆ ಇಣುಕಿ, ಕರೆಯದೆ ಒಳಗೆ ಹೋದ.

ಭಾನುವಾರ ಮೇಜಿನ ಮುಂದೆ ಇಬ್ಬರು ಹೊಸಬರು ಬಂದಿದ್ದರು. ದೊಡ್ಡ ಸೊಸೆ ಎರಡನೆಯ ಲೋಲಾಕನ್ನು ಮುಗಿಸಿ, ಮೊದಲಿನದರ ಪಕ್ಕದಲ್ಲಿ ಹಿಡಿದಳು. ಒಂದು ಕೂದಲೆಳೆಯಷ್ಟು ಉದ್ದ ಹೆಚ್ಚಾಗಿತ್ತು. ಪರವಾಗಿಲ್ಲ, ಕಿವಿಯನ್ನು ಅಳತೆಪಟ್ಟಿ ಹಿಡಿದು ಯಾರು ನೋಡುತ್ತಾರೆ ಎಂದಳು.

"ಬಿಚ್ಚಿ ಮತ್ತೆ ಮಾಡು" ಎಂದಳು ಚಿಕ್ಕ ಸೊಸೆ.

"ಅಯ್ಯೋ, ಕೈ ನೋಯ್ತಿದೆ ಕಣೆ."

"ಕಾಲರು ಹೀಗೆ ಒಂದು ಕಡೆ ಎತ್ತರ ಒಂದು ಕಡೆ ತಗ್ಗು ಬಂದ್ರೆ ನೀನು ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ದೊಡ್ಡ ಸೊಸೆ ಗೊಣಗುತ್ತಾ ಬಿಚ್ಚಿದಳು. ಹೊಸ ಪಿನ್ನು ತೆಗೆದುಕೊಂಡಳು. ಅದೂ ಸರಿಬರಲಿಲ್ಲ. ಚಿಕ್ಕ ಸೊಸೆ ಇಕ್ಕಳದ ಮೂತಿಯ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದು, ಪ್ರತಿ ಸಲ ಇದೇ ಗೆರೆಯ ಮೇಲೆ ಸುತ್ತಿದರೆ ಉಂಗುರ ಒಂದೇ ಅಳತೆಗೆ ಬರುತ್ತದೆ ಎಂದು ತೋರಿಸಿದಳು. ಈ ಗುಟ್ಟನ್ನು ಮೊದಲೇ ಹೇಳಬಾರದಿತ್ತೇ ಎಂದು ದೊಡ್ಡವಳು ಕೇಳಿದ್ದಕ್ಕೆ, ಮೊದಲ ದಿನವೇ ಹೇಳಿದ್ದೆ, ನೀನು ಮುಖ ಊದಿಸಿಕೊಂಡು ಕೂತಿದ್ದೆ ಎಂದಳು. ಹೊಸಬರಿಬ್ಬರೂ ತಲೆ ತಗ್ಗಿಸಿ ನಕ್ಕರು.

ಮೂರನೆಯ ಸಲ ಮಾಡಿದ್ದು ಮೊದಲ ಲೋಲಾಕಿಗೆ ಸರಿಯಾಗಿ ಕೂತಿತು. ನೀಲಿ ಮಣಿಗಳೆರಡೂ ಒಂದೇ ಮಟ್ಟಕ್ಕೆ ತೂಗಿದವು. ಹಾಕಿಕೊಂಡು ನೋಡೋಣವೆಂದು ದೊಡ್ಡ ಸೊಸೆ ಕೈ ಎತ್ತಿದಳು. ಮಣಿಕಟ್ಟು ಅಷ್ಟು ಮೇಲಕ್ಕೆ ಬಗ್ಗಲಿಲ್ಲ, ಕೈ ಕೆನ್ನೆಯ ಹತ್ತಿರವೇ ನಿಂತಿತು. ಚಿಕ್ಕ ಸೊಸೆ ಮೇಜು ಸುತ್ತಿ ಬಂದು, ಅವಳ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಕೊಕ್ಕೆಯನ್ನು ನೋಯಿಸದ ಹಾಗೆ ಸಿಕ್ಕಿಸಿದಳು.

"ಈ ಕಡೆ ತಿರುಗು, ಅಕ್ಕ" ಎಂದಳು.

ದೊಡ್ಡ ಸೊಸೆ ಇನ್ನೊಂದು ಕಿವಿಯನ್ನು ತಿರುಗಿಸಿ ಕೊಟ್ಟಳು.